ಇಪ್ಪತ್ತಕ್ಕೆ ಇಪ್ಪತ್ತು ಕೂಡಿಸಿದರೆ ಸಾಲ!

ಬೆಳಿಗ್ಗೆ 20,000 ರೂಪಾಯಿ ವ್ಯಾಪಾರ, ಸಂಜೆ ಮತ್ತೆ 20,000. ಒಟ್ಟೆಷ್ಟು? ಹುಮನಾಬಾದ್ ಬಜಾರಿನ ಯಾವ ಸಾಹುಕಾರರೂ ಪೆನ್ನು ಹಿಡಿಯದೆ ಹೇಳಿಯಾರು. ಇದೇ ಲೆಕ್ಕವನ್ನು ಟರ್ಬೊ ಸಿ ಎಂಬ ಹಳೇ ಸಾಫ್ಟ್‌ವೇರಿನಲ್ಲಿ 'ಇಂಟ್' ಅಂತ ಬರೆದು ಕೂಡಿಸಿ ನೋಡ್ರಿ: ಮೈನಸ್ 25,536! ಗಲ್ಲಾದಲ್ಲಿ ದುಡ್ಡು, ಖಾತೆಯಲ್ಲಿ ಸಾಲ. ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣನವರ ಕಲ್ಯಾಣ ಇಲ್ಲೇ ಪಕ್ಕದಲ್ಲಿರುವಾಗ ಇದೆಂಥ ಲೆಕ್ಕ!

ಹುಡುಗರನ್ನು ಬೈದು ಉಪಯೋಗವಿಲ್ಲ. ಟರ್ಬೊ ಸಿ 1987ರಲ್ಲಿ ಅಮೆರಿಕದ ಬೋರ್ಲೆಂಡ್ ಕಂಪನಿ ಹೊರತಂದ ಸರಕು. ಅದರ 'ಇಂಟ್' 16 ಬಿಟ್‌ನ ಡಬ್ಬಿ. 32,767 ದಾಟಿತೋ, ಗಿರಕಿ ಹೊಡೆದು ಮೈನಸ್ ಕಡೆ ಬೀಳುತ್ತದೆ. ಈಗಿನ ಕಂಪೈಲರುಗಳಲ್ಲಿ ಸಾಮಾನ್ಯವಾಗಿ 32 ಬಿಟ್. 214 ಕೋಟಿವರೆಗೂ ಚಿಂತೆಯಿಲ್ಲ.

ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಬೀದರ್, ಭಾಲ್ಕಿ, ಕಲಬುರಗಿ ಅಂತ ಇಂಜಿನಿಯರಿಂಗ್ ಓದಲು ಹೋಗುವ ಮಕ್ಕಳಿಗೆ ಈ ಸಿ ಭಾಷೆ ತಪ್ಪಿದ್ದಲ್ಲ. ವಿಟಿಯು 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೇ ಅದನ್ನು ಇಟ್ಟಿದೆ. 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚ್ಚಿ ರೂಪಿಸಿದ ಭಾಷೆ ನಿಂತಲ್ಲೇ ನಿಂತಿಲ್ಲ. 1989, 1999, 2011, ಈಚೆಗೆ 2024ರಲ್ಲಿ ಅದರ ನಿಯಮಾವಳಿ ಹೊಸದಾಗಿ ಬಂತು. ನಮ್ಮ ದೇಶದ ಎಷ್ಟೋ ಲ್ಯಾಬುಗಳಲ್ಲಿ ಮಾತ್ರ ಆ ನೀಲಿ ಪರದೆ ಬಹಳ ಕಾಲ ಉಳಿಯಿತು. 64 ಬಿಟ್ ವಿಂಡೋಸ್ ಅದನ್ನು ಓಡಿಸುವುದಿಲ್ಲ ಅಂದಾಗ ಡಾಸ್‌ಬಾಕ್ಸ್ ಒಳಗೆ ಕೂರಿಸಿ ಓಡಿಸಿದರು. ಸತ್ತವನಿಗೆ ಗ್ಲೂಕೋಸ್ ಏರಿಸಿದ ಹಾಗೆ!

ಇನ್ನು 'ಗೆಟ್ಸ್' ಎಂಬ ಹಳೇ ಆಜ್ಞೆಯ ಕಥೆ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ನಿಂತಾಗ ಸೀಟು ಎಷ್ಟಿವೆ ಅಂತ ನೋಡದೆ ಬಂದವರನ್ನೆಲ್ಲ ಒಳಗೆ ತಳ್ಳುವ ಕಂಡಕ್ಟರ್ ಅದು. ಹೆಚ್ಚಾದವರು ಡ್ರೈವರ್ ಸೀಟಿನ ಮೇಲೇ ಕೂತರೆ ಬಸ್ಸಿನ ಗತಿ? 1988ರ ನವೆಂಬರಿನಲ್ಲಿ ಮಾರಿಸ್ ಹುಳ ಅಮೆರಿಕದ ಸಾವಿರಾರು ಕಂಪ್ಯೂಟರುಗಳಿಗೆ ಹೊಕ್ಕಿತಲ್ಲ, ಅದಕ್ಕೆ ಸಿಕ್ಕ ಬಾಗಿಲುಗಳಲ್ಲಿ ಇದೂ ಒಂದು. 2011ರಲ್ಲಿ 'ಗೆಟ್ಸ್' ಅನ್ನು ಭಾಷೆಯಿಂದಲೇ ಕಿತ್ತುಹಾಕಿದರು. 'ಎಫ್‌ಗೆಟ್ಸ್' ಸೀಟು ಎಣಿಸಿಯೇ ಹತ್ತಿಸಿಕೊಳ್ಳುತ್ತದೆ.

ಹೊಸ ಪದ್ಧತಿಯ ಮುಖ್ಯ ಗುಟ್ಟು ಎಚ್ಚರಿಕೆಯಲ್ಲಿದೆ. ಪುಕ್ಕಟೆ ಸಿಗುವ ಜಿಸಿಸಿ ಕಂಪೈಲರಿಗೆ 'ಡಬ್ಲ್ಯು-ಆಲ್' ಅಂತ ಹೇಳಿದರೆ ಅನುಮಾನ ಬಂದ ಸಾಲುಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಸ್ಯಾನಿಟೈಜರ್ ಹಾಕಿಕೊಂಡರೆ ಇನ್ನೂ ಮೇಲು. 200 ಕೋಟಿಗೆ 200 ಕೋಟಿ ಕೂಡಿಸಿ ಡಬ್ಬಿ ತುಂಬಿ ಚೆಲ್ಲಿದರೆ, ಎಷ್ಟನೇ ಸಾಲಿನಲ್ಲಿ ಚೆಲ್ಲಿತು ಅಂತ ಅಲ್ಲೇ ಕೂಗಿ ಹೇಳುತ್ತದೆ. ಟರ್ಬೊ ಸಿ ಹಾಗಲ್ಲ. ತಪ್ಪು ಲೆಕ್ಕ ಕೊಟ್ಟು ಸುಮ್ಮನೆ ಕೂತುಬಿಡುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲವೇ? ಆಂಡ್ರಾಯ್ಡ್ ಮೊಬೈಲಿಗೆ ಟರ್ಮಕ್ಸ್ ಹಾಕಿಕೊಂಡು, ಅದರಲ್ಲಿ ಕ್ಲಾಂಗ್ ಕಂಪೈಲರ್ ಇಳಿಸಿಕೊಂಡರೆ ಬಸ್ಸಿನಲ್ಲಿ ಕೂತೇ ಅಭ್ಯಾಸ ಮಾಡಬಹುದು.

ಕಾಲೇಜಿನಲ್ಲಿ ಇನ್ನೂ ನೀಲಿ ಪರದೆಯೇ ಇದ್ದರೂ ಜಗಳ ಬೇಡ. 'ವಾಯ್ಡ್ ಮೈನ್' ಬದಲು 'ಇಂಟ್ ಮೈನ್' ಬರೆಯಲಿ, ಹಣದ ಲೆಕ್ಕಕ್ಕೆ 'ಲಾಂಗ್' ಹಿಡಿಯಲಿ, 'ಕೋನಿಯೋ', 'ಗೆಟ್‌ಸಿಎಚ್' ಬಿಡಲಿ. ಅದೇ ಪ್ರೋಗ್ರಾಂ ಎರಡೂ ಕಡೆ ಓಡುತ್ತದೆ. ಟರ್ಬೊದಲ್ಲಿ ಉತ್ತರ ಮಿಂಚಿ ಮಾಯವಾಯಿತೇ? ಆಲ್ಟ್ ಜೊತೆ ಎಫ್-5 ಒತ್ತಿದರೆ ಕಾಣುತ್ತದೆ.