ಸಂಘಕ್ಕೆ ಯಾವ ಡೆಸ್ಕ್‌ಟಾಪ್?
ಸಂಘಕ್ಕೆ ಹೊಸ ಡೆಸ್ಕ್‌ಟಾಪ್ ಕೊಳ್ಳುವ ಮಾತು ಬಂದಾಗ ಹಲವರು ಹೆಸರಾಂತ ಕಂಪನಿಯದ್ದೇ ಇರಲಿ ಎಂದಿರಿ. ಹೆಸರೊಂದೇ ಸಾಲದು. ಬೆಂಗಳೂರಿನ ವಿಪ್ರೊ 1980ರ ದಶಕದಿಂದ ಕಂಪ್ಯೂಟರ್ ತಯಾರಿಸುತ್ತಿತ್ತು; 2013ರಲ್ಲಿ ತನ್ನ ಹೆಸರಿನ ಡೆಸ್ಕ್‌ಟಾಪ್ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಕಂಪನಿ ಕೈಬಿಟ್ಟರೂ ಟವರ್ ಮಾದರಿಯ ಯಂತ್ರ ಮೂಲೆ ಸೇರಬೇಕಿಲ್ಲ. ಅದರ ಮೆಮೊರಿ, ಡಿಸ್ಕ್ ಸಾಮಾನ್ಯ ಅಳತೆಯವಾದರೆ ಬೇರೆ ಕಂಪನಿಯವನ್ನು ಹಾಕಿಕೊಳ್ಳಬಹುದು.

ಈಗಿನ ದಾರಿ ಬೇರೆ. ಆಪಲ್ 2020ರಲ್ಲಿ ಇಂಟೆಲ್ ಬಿಟ್ಟು ಸ್ವಂತ ಚಿಪ್‌ಗೆ ಹೊರಳಿತು. ಆ ಬಗೆಯ ಮ್ಯಾಕ್ ಮಿನಿ ಚಿಕ್ಕದು, ವೇಗದ್ದು, ಕರೆಂಟೂ ಕಡಿಮೆ ಸಾಕು. ಆದರೆ ಮೆಮೊರಿ ಚಿಪ್‌ನೊಂದಿಗೇ ಸೇರಿರುವುದರಿಂದ ಕೊಂಡ ಮೇಲೆ ಹೆಚ್ಚಿಸಲಾಗದು.

ಗೋನೆಗಂಡ್ಲದಿಂದ ರಿಪೇರಿಗೆ ಎಮ್ಮಿಗನೂರಿಗೋ ಆದೋನಿಗೋ ಹೊತ್ತೊಯ್ಯುವ ನಮಗೆ, ಬಿಚ್ಚಿ ಸರಿಪಡಿಸಬಹುದಾದ ಟವರ್ ಮೇಲೆನಿಸುತ್ತದೆ. ಇನ್ನೊಂದು ಮಾತು: ಯುನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಸದಸ್ಯರ ಪಟ್ಟಿ, ನಾಟಕದ ಪ್ರತಿಗಳು ಹಾಗೆ ಕೈತಪ್ಪಬಾರದು. ಹಳೆಯ ಯಂತ್ರ ನಡೆಯುತ್ತಿರುವಾಗಲೇ ಅವನ್ನು ಯುನಿಕೋಡ್‌ಗೆ ಬದಲಿಸಿ, ಎರಡು ಕಡೆ ಇಟ್ಟುಕೊಳ್ಳೋಣ. ಈ ಕೆಲಸ ಬಲ್ಲ ಯುವ ಸದಸ್ಯರು ದಯವಿಟ್ಟು ಮುಂದೆ ಬನ್ನಿ.