ಸೀಲ್ ಬದಲಿಸೋ ಮೊದಲು ಬ್ರೀದರ್ ನೋಡ್ರಿ

ಬೊಲೆರೊದ ಹಿಂದಿನ ಗಾಲಿಯ ಒಳಮೈ ಒದ್ದೆಯಾಗಿ ಧೂಳು ಮೆತ್ತಿಕೊಂಡಿದ್ದರೆ ಆಕ್ಸಲ್ ಸೀಲ್ ಹೋಗಿದೆ ಅಂತ ಕೂಡಲೇ ಹೇಳಿಬಿಡುತ್ತೇವೆ. ಮೊದಲು ಬೆರಳಿಗೆ ಹಚ್ಚಿ ಮೂಸಿ ನೋಡಿ. ದಪ್ಪಗಿದ್ದು ಗಂಧಕದ ನಾತ ಹೊಡೆದರೆ ಗೇರ್ ಆಯಿಲ್. ನೀರಿನಂತೆ ತೆಳ್ಳಗಿದ್ದರೆ ಬ್ರೇಕ್ ಆಯಿಲ್, ತಪ್ಪು ವೀಲ್ ಸಿಲಿಂಡರಿನದು. ಗೇರ್ ಆಯಿಲ್ ಆದರೂ ಸೀಲೊಂದನ್ನೇ ದೂರುವುದು ಅವಸರವೇ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು ಮಳೆಯಲ್ಲಿ ಅಂಟಾಗಿ ಆಕ್ಸಲ್ ಮೇಲಿನ ಬ್ರೀದರ್, ಅಂದರೆ ಗಾಳಿ ಹೊರಬಿಡುವ ಕಿಂಡಿ, ಮುಚ್ಚುತ್ತದೆ, ಒಣಗಿ ಕಲ್ಲಾಗುತ್ತದೆ. ಗಾಡಿ ಓಡುವಾಗ ಆಕ್ಸಲ್ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಹೊರದಾರಿ ಇಲ್ಲದಿದ್ದರೆ ಸೀಲಿನ ತುಟಿ ಸರಿಸಿ ಎಣ್ಣೆಯನ್ನು ಹೊರದಬ್ಬುತ್ತದೆ. ಬ್ರೀದರ್ ಬಿಡಿಸದೆ ಹಾಕಿದ ಹೊಸ ಸೀಲೂ ಸೋರುತ್ತದೆ. ಬೇರಿಂಗ್ ಸಡಿಲಿದ್ದರೂ ಅದೇ ಕತೆ. ಶಾಫ್ಟ್ ಅಲುಗಾಡಿ ರಬ್ಬರ್ ತಿನ್ನುತ್ತದೆ.

‘ಅಷ್ಟೆಲ್ಲ ಯಾಕ್ರೀ, ಆಗಾಗ ಎಣ್ಣೆ ಹಾಕಿದ್ರ ಸಾಲೂದಿಲ್ಲೇನು?’ ಸಾಲದು. ಸೋರಿದ್ದು ಬ್ರೇಕ್ ಡ್ರಮ್ಮಿನೊಳಗೆ ಇಳಿದು ಶೂ ಮೇಲಿನ ಲೈನರ್ ನೆನೆಸುತ್ತದೆ. ಮೆಣಸಿನಕಾಯಿ ಚೀಲ ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೊರಟ ಗಾಡಿಗೆ ಹಿಂದಿನ ಒಂದು ಬ್ರೇಕ್ ಸರಿಯಾಗಿ ಹಿಡಿಯುವುದೇ ಇಲ್ಲ. ಪೆಟ್ರೋಲಿನಲ್ಲಿ ತೊಳೆದರೂ ಲೈನರ್ ಕಾದಾಗ ಎಣ್ಣೆ ಮತ್ತೆ ಒಸರುತ್ತದೆ; ಎರಡೂ ಗಾಲಿಯ ಶೂ ಒಟ್ಟಿಗೇ ಬದಲಿಸಬೇಕು. ಇನ್ನು, ಇದು ಮನೆಯಲ್ಲಿ ಆಗುವ ಕೆಲಸವೇ? ಗಟ್ಟಿ ನೆಲ, ಸ್ಟ್ಯಾಂಡ್, ಮುಂದಿನ ಗಾಲಿಗೆ ಅಡ್ಡಗಲ್ಲು ಇದ್ದರೆ ಸೀಲ್ ಮಟ್ಟಿಗೆ ಆದೀತು. (ಎರೆನೆಲದ ಮೇಲೆ ಜಾಕ್ ಒಂದನ್ನೇ ನಂಬುವವರಿಗೆ ಏನು ಹೇಳೋಣ!) ಸ್ಪ್ರಿಂಗ್ ಇರುವ ತುಟಿ ಎಣ್ಣೆಯ ಕಡೆಗಿರಲಿ. ಆದರೆ ಬೇರಿಂಗ್ ಒತ್ತಿ ಕೂರಿಸಿದ ಆಕ್ಸಲ್ ಆದರೆ ಪ್ರೆಸ್ ಇರುವ ಗ್ಯಾರೇಜಿಗೇ ಶಾಫ್ಟ್ ಒಯ್ಯಿರಿ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹೊಸ ಬೇರಿಂಗೂ ಹಾಳು.