ಮಂಗನ ಕಾಯಿಲೆಗೆ ಯಾವ ರಾಜ್ಯ? ಗಡಿಕಾಡಿನ ರೋಗ ನಿಯಂತ್ರಣ ಯೋಜನೆ ಮತ್ತು ಒಂದು ಪ್ರಶ್ನೆಯ ಭಾಷೆ

ವಯನಾಡಿನ ಗಡಿ ಊರಿನಿಂದ ಬಂದು ಕನ್ನಡ ಎಂ.ಎ. ಓದುತ್ತಿರುವ ನಾನು ಆರೋಗ್ಯದ ವಿಷಯ ಯಾಕೆ ಎತ್ತಿಕೊಂಡೆ ಅಂತ ಕೆಲವರಿಗೆ ಅನ್ನಿಸಬಹುದು. ಗಡಿನಾಡ ಕನ್ನಡ ಅಂದ ಕೂಡಲೇ ನಾವು ಶಾಲೆ, ಪಠ್ಯಪುಸ್ತಕ, ಬಸ್ಸಿನ ಬೋರ್ಡಿನ ಬಗ್ಗೆ ಮಾತಾಡ್ತೀವಿ. ಜ್ವರ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರನ್ನು ಯಾವ ಭಾಷೆಯಲ್ಲಿ ಏನು ಕೇಳ್ತಾರೆ ಅನ್ನೋದೂ ಗಡಿನಾಡಿನ ಭಾಷಾಪ್ರಶ್ನೆಯೇ. ಅದನ್ನು ಮಂಗನ ಕಾಯಿಲೆಯ ಉದಾಹರಣೆ ಇಟ್ಟುಕೊಂಡು ವಿವರಿಸುತ್ತೇನೆ.

ಮೊದಲು ರೋಗದ ಪರಿಚಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅಲ್ಲಿ ಹೊಸ ವೈರಸ್ಸೊಂದನ್ನು ಗುರುತಿಸಿದರು. ಅದಕ್ಕೆ ಕಾಡಿನ ಹೆಸರೇ ಬಂತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಹೆಸರು ಮಂಗನದ್ದಾದರೂ ಮನುಷ್ಯನಿಗೆ ಅಂಟಿಸುವುದು ಉಣುಗು. ಸತ್ತ ಮಂಗನ ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಕೆಳಗಿಳಿದು ತರಗೆಲೆ ಸೇರ್ತವೆ. ಸೌದೆಗೆ, ಜೇನಿಗೆ, ದನ ಮೇಯಿಸಲಿಕ್ಕೆ ಅಂತ ಅಲ್ಲಿಗೆ ಹೋದವರಿಗೆ ಕಚ್ತವೆ. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ಆಗ ಹೆಚ್ಚಾಗಿ ಕಚ್ಚುವುದು ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಮರಿ ಉಣುಗು. ಕಚ್ಚಿದ 3ರಿಂದ 8 ದಿನಗಳಲ್ಲಿ ಏಕಾಏಕಿ ಜ್ವರ, ತಲೆನೋವು, ವಿಪರೀತ ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ರೋಗ ಬಂದ ನೂರು ಜನರಲ್ಲಿ 3ರಿಂದ 5 ಜನ ಸಾಯಬಹುದು. ಒಬ್ಬರಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ಇದಕ್ಕೇ ಅಂತ ಬೇರೆ ಔಷಧಿಯೂ ಇಲ್ಲ.

ಹಾಗಾದರೆ ಯೋಜನೆ ಅಂದರೆ ಏನು? ನಾಲ್ಕು ಕೆಲಸ ಅಂತ ಸರಳವಾಗಿ ಹೇಳಬಹುದು. ಒಂದು, ಸುಳಿವು ಹಿಡಿಯುವುದು: ಎಲ್ಲಿ ಮಂಗ ಸತ್ತಿದೆ? ಎರಡು, ಜ್ವರ ಬಂದವರನ್ನು ಬೇಗ ಹುಡುಕುವುದು. ಮೂರು, ಸರಿಯಾದ ದಿನಕ್ಕೆ ಸರಿಯಾದ ಪರೀಕ್ಷೆ. ಜ್ವರದ ಮೊದಲ ದಿನಗಳಲ್ಲಾದರೆ ರಕ್ತದಲ್ಲಿ ವೈರಸ್ಸನ್ನೇ ಹುಡುಕ್ತಾರೆ, ದಿನ ಕಳೆದ ಮೇಲೆ ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯವನ್ನು. ಹಾಗಾಗಿ "ಜ್ವರ ಬಂದು ಎಷ್ಟು ದಿನ ಆಯ್ತು" ಅನ್ನೋದಕ್ಕೆ ಸಿಗುವ ಉತ್ತರದ ಮೇಲೆ ಪರೀಕ್ಷೆಯೇ ನಿಂತಿದೆ. ನಾಲ್ಕು, ಉಳಿದವರನ್ನು ಕಾಪಾಡುವುದು: ಮಂಗ ಸತ್ತ ಜಾಗದ ಸುತ್ತ ಕೀಟನಾಶಕ ಹಾಕುವುದು, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಕೊಡುವುದು, ಮೈ ಮುಚ್ಚುವ ಬಟ್ಟೆ ಹಾಕಿಸುವುದು. ಮೊದಲು ಲಸಿಕೆಯೂ ಇತ್ತು. ಅದರ ರಕ್ಷಣೆ ಸಾಲದು ಅಂತಾಗಿ 2022ರಲ್ಲಿ ಅದನ್ನು ಕೊಡುವುದು ನಿಂತಿತು. ಲಸಿಕೆ ಕೈಯಲ್ಲಿಲ್ಲದಾಗ ಉಳಿಯುವುದು ಬೇಗ ತಿಳಿಯುವುದು ಮತ್ತು ತಿಳಿಸುವುದು. ಎರಡೂ ಮಾತಿನಿಂದಲೇ ಆಗಬೇಕಾದ ಕೆಲಸ.

ಈಗ ಗಡಿಗೆ ಬರೋಣ. ಬಂಡೀಪುರ, ಮುದುಮಲೆ, ವಯನಾಡು ಅಂತ ನಕ್ಷೆಯಲ್ಲಿ ಮೂರು ಹೆಸರು, ಮೂರು ರಾಜ್ಯ. ಕಾಡು ಮಾತ್ರ ಒಂದೇ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತವು. ಸತ್ತ ಮಂಗಗಳನ್ನು ಮುಟ್ಟಿ ಸುಟ್ಟು ವಿಲೇವಾರಿ ಮಾಡಿದ ಕೆಲಸಗಾರರಿಗೇ ರೋಗ ಬಂತು. 2013ರಲ್ಲಿ ವಯನಾಡಿನಲ್ಲಿ ಮನುಷ್ಯರಲ್ಲೂ ಅದು ಪತ್ತೆಯಾಯ್ತು. 2014–15ರ ಹೊತ್ತಿಗೆ ಅಲ್ಲಿ ಸುಮಾರು ನೂರು ಜನಕ್ಕೆ ತಗುಲಿ, ಸಾವುಗಳೂ ಆದವು. ಹೆಚ್ಚು ಪೆಟ್ಟು ತಿಂದವರು ಕಾಟುನಾಯ್ಕರು. ಕಾಡಿನ ಉತ್ಪನ್ನ ನಂಬಿ ಬದುಕುವವರು, ಕನ್ನಡಕ್ಕೆ ತೀರ ಹತ್ತಿರದ ನುಡಿ ಆಡುವವರು.

ಒಂದೊಂದು ರಾಜ್ಯದಲ್ಲೂ ಅರಣ್ಯ, ಪಶುವೈದ್ಯ, ಆರೋಗ್ಯ ಅಂತ ಮೂರು ಇಲಾಖೆ ಕೂಡಿ ಮಾಡಬೇಕಾದ ಕೆಲಸ ಇದು. ಮೂರು ರಾಜ್ಯ ಕೂಡಿದರೆ ಒಂಬತ್ತು ಕಚೇರಿ. ಸುದ್ದಿ ಒಂಬತ್ತು ಬಾಗಿಲು ದಾಟುವ ಹೊತ್ತಿಗೆ ಉಣುಗು ತನ್ನ ಕೆಲಸ ಮುಗಿಸಿರುತ್ತೆ.

ಇನ್ನೊಂದು ಉದಾಹರಣೆ ಗೋವಾ. 2015ರಲ್ಲಿ ಸತ್ತರಿ ತಾಲ್ಲೂಕಿನಲ್ಲಿ ಈ ರೋಗ ಕಾಣಿಸಿತು. ಮರುವರ್ಷ ಗೋವಾದ ಗೇರು ತೋಟಗಳಲ್ಲಿ ದುಡಿದ ಬೆಳಗಾವಿ ಕಡೆಯ ಕೂಲಿಕಾರರಲ್ಲೂ ಪತ್ತೆಯಾಯ್ತು. ಇಲ್ಲಿ ಆ 3ರಿಂದ 8 ದಿನದ ಲೆಕ್ಕ ನೆನಪಿಸಿಕೊಳ್ಳಿ. ಉಣುಗು ಕಚ್ಚಿದ್ದು ಒಂದು ರಾಜ್ಯದಲ್ಲಿ, ಜ್ವರ ಏರುವ ಹೊತ್ತಿಗೆ ಕೂಲಿಯವರು ಇನ್ನೊಂದು ರಾಜ್ಯದ ತಮ್ಮ ಮನೆಯಲ್ಲಿ. "ನಿಮ್ಮ ಊರು ಯಾವುದು?" ಅಂತ ಕೇಳಿ ವಿಳಾಸ ಬರೆದುಕೊಂಡರೆ ರೋಗದ ಜಾಗ ತಪ್ಪಿಹೋಗ್ತದೆ. ಎಣ್ಣೆ, ಔಷಧಿ ಆ ವಿಳಾಸಕ್ಕೆ ಹೋಗ್ತದೆ. ತೋಟದಲ್ಲಿ ಉಳಿದವರು ಕಚ್ಚಿಸಿಕೊಳ್ತಾನೇ ಇರ್ತಾರೆ. ಕೇಳಬೇಕಾದ್ದು, "ಹೋದ ಎರಡು ವಾರ ಎಲ್ಲೆಲ್ಲಿ ಕೆಲಸ ಮಾಡಿದ್ರಿ? ಯಾವ ಕಾಡಿಗೆ ಹೋಗಿದ್ರಿ? ಅಲ್ಲಿ ಮಂಗ ಸತ್ತದ್ದು ಕಂಡಿರಾ?" ವಯನಾಡಿನಿಂದ ಕೊಡಗಿನ ಕಾಫಿ ತೋಟಕ್ಕೆ, ಶುಂಠಿ ಗದ್ದೆಗೆ ಹೋಗಿಬರುವ ನಮ್ಮ ಕಡೆಯವರಿಗೂ ಇದೇ ಪ್ರಶ್ನೆ ಬೇಕು.

ನನ್ನ ಮುಖ್ಯ ಮಾತು ಇದು: ಗಡಿಕಾಡಿನಲ್ಲಿ ಯೋಜನೆಯ ಮೊದಲ ಉಪಕರಣ ಈ ಪ್ರಶ್ನೆ. ಅದು ಕೇಳಿಸಿಕೊಂಡವರಿಗೆ ಅರ್ಥವಾದರಷ್ಟೇ ಉಪಕರಣ.

ಅರ್ಥವಾಗದೇ ಇರಲು ಏನಿದೆ ಅಂತೀರಾ? ಪದಗಳನ್ನೇ ನೋಡಿ. ಕನ್ನಡದಲ್ಲಿ ಮಂಗನ ಕಾಯಿಲೆ ಬೇರೆ, ಕೆನ್ನೆ ಊದುವ ಮಂಗನಬಾವು ಬೇರೆ. ಮಲಯಾಳದಲ್ಲಿ ಇದು ಕುರಂಗುಪನಿ. ಉಣುಗಿಗೆ ಅಲ್ಲಿ ಚೆಳ್ಳ್ ಅಂತಲೂ ಅಂತಾರೆ, ಆದರೆ ಚೆಳ್ಳುಪನಿ ಅಂದರೆ ಸ್ಕ್ರಬ್ ಟೈಫಸ್. ಅದಕ್ಕೆ ಔಷಧಿಯೇ ಬೇರೆ. ಕನ್ನಡದ ಕರಪತ್ರದಲ್ಲಿ ಉಣ್ಣೆ ಅಂತ ಬರೆದರೆ ಪೇಟೆಯಲ್ಲಿ ಓದಿದವರಿಗೆ ಕುರಿಯ ತುಪ್ಪಟ ನೆನಪಾಗ್ತದೆ. ತಮಿಳಿನ ಉಣ್ಣಿ ನಮ್ಮ ಉಣ್ಣೆಗೆ ಹತ್ತಿರ. ಗೂಡಲೂರಿನ ಕಡೆ ಅದೇ ಉಪಯೋಗಕ್ಕೆ ಬಂದೀತು. ಇನ್ನು ಮಂಗನ ಕಾಯಿಲೆ ಅನ್ನೋ ಹೆಸರೇ ದಿಕ್ಕು ತಪ್ಪಿಸ್ತದೆ. ಮಂಗನನ್ನು ಓಡಿಸಿದರೆ ಸಾಕು ಅಂತ ಅನ್ನಿಸಿಬಿಡ್ತದೆ, ಕಾಲಿಗೆ ಎಣ್ಣೆ ಹಚ್ಚೋದು ಮರೆತುಹೋಗ್ತದೆ.

ಕಾಡಿನಲ್ಲಿ ಮಂಗ ಸತ್ತದ್ದನ್ನು ಮೊದಲು ನೋಡುವವರು ಅಧಿಕಾರಿಗಳಲ್ಲ. ಸೌದೆಗೆ ಹೋದ ಹೆಂಗಸರು, ಜೇನು ಕೀಳುವವರು, ಅರಣ್ಯದ ವಾಚರುಗಳು. ಅವರು ಕಂಡದ್ದನ್ನು ಹೇಳಲಿಕ್ಕೆ ತಮ್ಮ ಮಾತಿನಲ್ಲಿ ಕೇಳಿಸಿಕೊಳ್ಳುವವರು ಬೇಕು, ರಾಜ್ಯ ಯಾವುದಾದರೂ ಒಂದೇ ಫೋನ್ ನಂಬರು ಬೇಕು. ಕಾಡಿಗೆ ಹೋಗಬೇಡಿ ಅನ್ನುವ ಕರಪತ್ರ ಅವರಿಗೆ ನಾಟುವುದಿಲ್ಲ. ಕಾಡಿಗೆ ಹೋಗದಿದ್ದರೆ ಒಲೆ ಉರಿಯದು. ಹೋಗುವ ಮುಂಚೆ ಏನು ಹಚ್ಚಬೇಕು, ಬಂದ ಮೇಲೆ ಮೈಯಲ್ಲಿ ಎಲ್ಲೆಲ್ಲಿ ಹುಡುಕಬೇಕು, ಬಿಸಿನೀರಲ್ಲಿ ಬಟ್ಟೆ ಒಗೆಯೋದು ಯಾಕೆ ಅಂತ ಹೇಳಿದರೆ ಉಪಯೋಗ.

ಕನ್ನಡ ವಿಭಾಗದವರಾದ ನಮಗೆ ಇಲ್ಲಿ ಮಾಡಬಹುದಾದ ಕೆಲಸ ಇದೆ. ಕಾಟುನಾಯ್ಕ, ಬೆಟ್ಟಕುರುಬ, ಬಡಗ ನುಡಿಗಳಲ್ಲಿ ಮತ್ತು ಗಡಿಯ ಕನ್ನಡದಲ್ಲಿ ಉಣುಗಿಗೆ, ಅದರ ಮರಿಗೆ, ಎರಡು ಬಗೆಯ ಮಂಗಗಳಿಗೆ, ಜ್ವರದ ಬಗೆಗಳಿಗೆ ಏನೇನು ಹೆಸರಿದೆ ಅಂತ ಸಂಗ್ರಹಿಸಬೇಕು. ಮೇಲೆ ಹೇಳಿದ ಪ್ರಶ್ನೆಗಳನ್ನು ಆ ಮಾತುಗಳಲ್ಲೇ ಒಂದು ಹಾಳೆಗೆ ಇಳಿಸಿ, ಆ ನುಡಿಯವರಿಗೇ ಓದಿಸಿ ತಿದ್ದಿ, ಹತ್ತಿರದ ಆರೋಗ್ಯ ಕೇಂದ್ರಗಳಿಗೆ ಮುಟ್ಟಿಸಬೇಕು. ಡಿಸೆಂಬರಿಗೆ ಮುಂಚೆ ಆದರೆ ಆ ವರ್ಷದ ಕಾಲಕ್ಕೆ ಸಿಗ್ತದೆ. ಇಲ್ಲಿಗೆ ನಿಲ್ಲಿಸ್ತೀನಿ, ಪ್ರಶ್ನೆಗಳಿದ್ದರೆ ಕೇಳಿ.